ಪೀಟಿ ಸರ್ ಅವರ ಕೂಳೆ ಉಳ್ಳಾಗಡ್ಡಿ

ರಾಯಬಾಗದ ನಮ್ಮ ಹೈಸ್ಕೂಲಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಮಕ್ಕಳಿಗೆ, ಮಕ್ಕಳ ತಂದೆತಾಯಿಗಳಿಗೆ, ಹೆಡ್‌ಮಾಸ್ತರರಿಗೆ, ಶಾಲೆಯ ಎದುರು ಚಹಾದಂಗಡಿ ಇಟ್ಟವನಿಗೆ, ಎಲ್ಲರಿಗೂ ಅವರು ಪೀಟಿ ಸರ್. ಈ ಶ್ರಾವಣದಲ್ಲಿ ಅವರು ತೀರಿಕೊಂಡಾಗ ಓಣಿಯ ತಿರುವಿನಲ್ಲಿ ನಿಲ್ಲಿಸಿದ ಹಲಗೆಯ ಮೇಲೆ ಪೂರ್ತಿ ಹೆಸರು ಬರೆಸಿದ್ದರು. ಅದನ್ನು ಓದಿದ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನೇ ಕೇಳಿದ: “ಯಾರ್ ಹೋದ್ರಿ ಸರ್ ಇವರು?” ನಾನು “ಪೀಟಿ ಸರ್” ಎಂದೆ. ಅವನು ಮೋಟರ್‌ಸೈಕಲ್ಲಿನಿಂದ ಇಳಿದು ಅಲ್ಲೇ ನಿಂತುಬಿಟ್ಟ. ಹಾಗಾಗಿ ನಾನೂ ಇಲ್ಲಿ ಅವರ ಹೆಸರು ಬರೆಯುವುದಿಲ್ಲ.

ಅವರದು ಉಗಾರ ಬುದ್ರುಕದ ಕಬ್ಬಿನ ಮನೆತನ. ಕೃಷ್ಣೆಯ ದಂಡೆಯಲ್ಲಿ ಈಸಿ ಬೆಳೆದ ಮೈ; ನೌಕರಿಯ ಕೊನೆಯ ವರ್ಷದಲ್ಲೂ ಹೊಟ್ಟೆ ಬಂದಿರಲಿಲ್ಲ. ಸುಣ್ಣದ ಕಡ್ಡಿ ತೀಡಿ ಬೆಳ್ಳಗೆ ಮಾಡಿದ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಕರಿ ದಾರದ ಸೀಟಿ. ಕೈಯಲ್ಲಿ ಬೆತ್ತ ಹಿಡಿದವರಲ್ಲ. ಸೀಟಿಯನ್ನು ತುಟಿಯ ಹತ್ತಿರ ತಂದರೆ ಸಾಕು, ಊದುವ ಮೊದಲೇ ಸಾಲು ನೆಟ್ಟಗಾಗುತ್ತಿತ್ತು. ಗೆರೆಯ ವಿಷಯದಲ್ಲಿ ಮಾತ್ರ ಅವರಿಗೆ ಹುಚ್ಚು. ಖೋಖೋ ಅಂಕಣಕ್ಕೆ ಸುಣ್ಣ ಹಾಕುವ ಕೆಲಸವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ದಾರ ಹಿಡಿದು, ಒಂದು ಕಣ್ಣು ಮುಚ್ಚಿ, ಕುಕ್ಕರುಗಾಲಿನಲ್ಲಿ ಕೂತು ಹಾಕುವರು. ಒಮ್ಮೆ ಗೆರೆ ಸ್ವಲ್ಪ ಸೊಟ್ಟಗಾಯಿತೆಂದು, ಎದುರು ಶಾಲೆಯ ತಂಡ ಬಂದು ನಿಂತಿದ್ದರೂ, ಎಲ್ಲವನ್ನೂ ಕಾಲಿನಿಂದ ಅಳಿಸಿ ಮೊದಲಿನಿಂದ ಹಾಕಿದರು. ನಾನು ಕನ್ನಡ ಕಲಿಸುವವನಾದ್ದರಿಂದ ನನ್ನನ್ನು “ಪಂಡಿತ್ರ” ಎಂದು ಕರೆಯುತ್ತಿದ್ದರು. “ಪಂಡಿತ್ರ, ನಿಮ್ಮ ವ್ಯಾಕರಣದಾಗ ತಪ್ಪಾದ್ರ ಯಾರಿಗೂ ಕಾಣೂದಿಲ್ಲ. ನನ್ನ ಗೆರಿ ತಪ್ಪಿದ್ರ ಊರಿಗೆಲ್ಲಾ ಕಾಣ್ತೈತಿ” ಎನ್ನುವರು.

ಮಧ್ಯಾಹ್ನದ ಊಟಕ್ಕೆ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಅವರ ಡಬ್ಬಿ ತೆರೆದರೆ ಸ್ಟಾಫ್‌ರೂಮೆಲ್ಲ ಘಮ್ಮೆನ್ನುತ್ತಿತ್ತು. ಅವರ ಮನೆಯವರದು ಮಹಾರಾಷ್ಟ್ರದ ಗಡಿಗೆ ಹತ್ತಿದ ಕೊಗನೊಳ್ಳಿ ಕಡೆಯ ತವರು. ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿಯುವ ಹೆಂಗಸು. ನಾವೆಲ್ಲ ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆವು. ಬೇಸಿಗೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ, ಒಣಕೊಬ್ಬರಿ ಹುರಿದು ಮೆಣಸಿನಕಾಯಿಯೊಂದಿಗೆ ಕುಟ್ಟಿಸಿ ವರ್ಷಕ್ಕಾಗುವಷ್ಟು ಮಸಾಲೆ ಖಾರ ಮಾಡಿಡುವುದು ಈ ಕಡೆಯ ಎಲ್ಲ ಮನೆಗಳ ರೂಢಿ. ವೈನಿಯ ಖಾರಕ್ಕೆ ಬೇರೆಯದೇ ಹೆಸರಿತ್ತು. ಪೀಟಿ ಸರ್ ಜೋಳದ ಭಕ್ಕರಿ ಮುರಿಯುತ್ತ, “ಇಂಥಾ ಕೈ ಐದು ತಾಲೂಕಿನ್ಯಾಗ ಹುಡುಕಿದ್ರೂ ಸಿಗೂದಿಲ್ಲ” ಎಂದು ನಮಗೆಲ್ಲ ಹೇಳುವರು. ಒಮ್ಮೆ ಅವರ ಮನೆಗೆ ಹೋದಾಗ ನಾನು ಆ ಮಾತನ್ನು ವೈನಿಗೆ ಮುಟ್ಟಿಸಿದೆ. ವೈನಿ ನಂಬಲಿಲ್ಲ.

“ಅವರಾ? ಉಪ್ಪ ಹೆಚ್ಚಾದ ದಿನಾ ಅಷ್ಟ ಬಾಯಿ ಬಿಡ್ತಾರ್ರಿ ಸರ್. ಉಳದ ದಿನಾ ಉಂಡು ಕೈ ತೊಳಕೊಂಡು ಎದ್ದು ಹೋಗ್ತಾರ.”

ಪೀಟಿ ಸರ್ ಪಕ್ಕದಲ್ಲೇ ಕೂತಿದ್ದರು. ಬೂಟಿನ ಲಾಡಿ ಬಿಚ್ಚಿ ಮತ್ತೆ ಕಟ್ಟತೊಡಗಿದರು. ಮುಜುಗರವಾದಾಗ ಅವರು ಮಾಡುತ್ತಿದ್ದುದು ಅದನ್ನೇ. ಮನೆಯಲ್ಲಿ ಅವರಿಗೆ ಮಾತೇ ಬರುತ್ತಿರಲಿಲ್ಲ. ಹೆಂಡತಿಯ ಜೊತೆ ಸಂತೆಗೆ ಹೊರಟರೂ ನಾಲ್ಕು ಮಾರು ಮುಂದೆ ನಡೆಯುವವರು.

ಕೊರೊನಾದ ಎರಡನೇ ಸುತ್ತಿನಲ್ಲಿ ಇಬ್ಬರಿಗೂ ಜ್ವರ ಬಂತು. ಅವರು ಬೇಗ ಎದ್ದರು. ವೈನಿಯೂ ಎದ್ದರು, ಆದರೆ ಮೂಗು ಸತ್ತುಹೋಗಿತ್ತು. ಮೊದಮೊದಲು ಏನೂ ವಾಸನೆ ಇಲ್ಲ. ಅದು ಹಲವರಿಗೆ ಆಗಿತ್ತು, ತಾನಾಗಿ ಬರುತ್ತದೆಂದು ಸುಮ್ಮನಿದ್ದರು. ಮಳೆಗಾಲ ಹಿಡಿಯುವ ಹೊತ್ತಿಗೆ ವಾಸನೆ ಬಂತು, ಆದರೆ ತಿರುವುಮುರುವಾಗಿ ಬಂತು. ಹೂವು, ಸಾಬೂನು, ಹಾಲು ಹೇಗೋ ನಡೆಯುತ್ತಿದ್ದವು. ಉಳ್ಳಾಗಡ್ಡಿ ಮತ್ತು ಬಳ್ಳೊಳ್ಳಿ ಮಾತ್ರ ಕೊಳೆತ ಹೆಣದ ಹಾಗೆ ನಾರತೊಡಗಿದವು. ಒಗ್ಗರಣೆ ಚುಂಯ್ ಎಂದರೆ ವೈನಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡಿ ವಾಂತಿ ಮಾಡುತ್ತಿದ್ದರು. ಆ ವರ್ಷದ ಮಸಾಲೆ ಖಾರದ ಭರಣಿಯನ್ನು ಅವರೇ ಎತ್ತಿ ಬಾಜೂ ಮನೆಯವರಿಗೆ ಕೊಟ್ಟುಬಿಟ್ಟರು.

ನಮ್ಮ ಕಡೆ ಉಳ್ಳಾಗಡ್ಡಿ ಇಲ್ಲದ ಅಡುಗೆ ಯಾವುದಿದೆ? ವೈನಿ ಬರೀ ಮೊಸರನ್ನ, ಹಾಲು, ಬಾಳೆಹಣ್ಣಿಗೆ ಬಂದರು. ಆಮೇಲೆ ಅದೂ ಸೇರದಾಯಿತು. ಮೈ ಕಡ್ಡಿಯಾಯಿತು. ಬಳೆಗಳು ಮೊಣಕೈತನಕ ಜಾರುತ್ತಿದ್ದವು. ಮಿರಜಿಗೆ ಕೊಟ್ಟ ಮಗಳು ಬಂದು ದೊಡ್ಡ ದವಾಖಾನೆಗೆ ತೋರಿಸಿದಳು. ಡಾಕ್ಟರು, ಇದಕ್ಕೆ ಗುಳಿಗೆ ಇಲ್ಲ, ನಿಧಾನಕ್ಕೆ ಸರಿಹೋಗಬಹುದು, ಕಾಯಬೇಕು ಎಂದರಂತೆ. ನಾನೊಂದು ಸಂಜೆ ನೋಡಲು ಹೋದಾಗ ವೈನಿ ಗೋಡೆಗೆ ಆತು ಕೂತಿದ್ದರು. ಹೇಗಿದ್ದೀರಿ ಎಂದು ಕೇಳಿದೆ.

“ಏನ್ ಹೇಳ್ಲಿರಿ ಸರ್. ಉಣ್ಣೂದ ಒಂದ ಹೋಗಿದ್ರ ಸಹಿಸ್ತಿದ್ದೆ. ನಾಕ ಮಂದಿಗೆ ಮಾಡಿ ಹಾಕೂದೂ ಹೋತು. ಒಲಿ ಮುಂದ ನಿಂದ್ರಾಕ ಆಗದ ಹೆಂಗಸು ಯಾಕ ಇರಬೇಕ್ರಿ?”

ಇದನ್ನು ಅವರು ಅಳುತ್ತ ಹೇಳಲಿಲ್ಲ, ಲೆಕ್ಕ ಕೇಳುವವರ ಹಾಗೆ ಹೇಳಿದರು. ಪೀಟಿ ಸರ್ ಒಳಗಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ನನ್ನನ್ನು ಬೀದಿಯ ತನಕ ಬಿಡಲು ಬಂದರು. “ಕಾಯ್ರಿ ಅಂತಾರ ಡಾಕ್ಟರು. ಪಂಡಿತ್ರ, ನಾ ಜನ್ಮದಾಗ ಓಡೂದು ಕಲಿಸೀನಿ. ಕಾಯೂದು ನನಗ ಗೊತ್ತಿಲ್ಲ.”

ಅವರು ಉಳ್ಳಾಗಡ್ಡಿಗೆ ಬದಲಿ ಹುಡುಕಲು ಹೊರಟರು. ಇಂಗು ತಂದರು, ಅದೂ ನಾರಿತು. ಎಲೆಕೋಸು ತಂದರು, ಅದು ಇನ್ನೂ ಕೆಟ್ಟದಾಗಿ ನಾರಿತು. ಕಂಡವರನ್ನೆಲ್ಲ ಕೇಳಿದರು. ಅವರ ಕೈಯಲ್ಲಿ ಖೋಖೋ ಆಡಿ ಮಿಲಿಟರಿಗೆ ಸೇರಿದ ಒಬ್ಬನು ಆಗ ನೀಲಗಿರಿಯಲ್ಲಿದ್ದ. ಫೋನಿನಲ್ಲಿ ಅವನು ಹೇಳಿದ: “ಸರ್, ಇಲ್ಲಿ ಲೀಕ್ ಅಂತ ಒಂದ ಐತ್ರಿ. ಇತ್ತ ಉಳ್ಳಾಗಡ್ಡೀನೂ ಅಲ್ಲ, ಅತ್ತ ಬಳ್ಳೊಳ್ಳೀನೂ ಅಲ್ಲ. ಘಾಟ ಕಡಿಮಿ, ರುಚಿ ಅದರದ. ನಮ್ಮ ಕ್ವಾರ್ಟರ್ಸಿನ ಹಿಂದ ಒಂದ ಜಾತಿ ಐತಿ, ಬೀಜಾ ಬ್ಯಾಡ, ಒಮ್ಮಿ ಹಚ್ಚಿದ್ರ ವರ್ಷಾ ವರ್ಷಾ ತಾನ ಬರ್ತೈತಿ.” ಗಣಪತಿ ಹಬ್ಬಕ್ಕೆ ರಜೆಯ ಮೇಲೆ ಬಂದಾಗ ಒದ್ದೆ ಗೋಣಿಯಲ್ಲಿ ಸುತ್ತಿ ಒಂದು ಬೊಗಸೆ ಮರಿಗಡ್ಡೆ ತಂದುಕೊಟ್ಟ.

ವೈನಿ ಗೋಡೆಗೆ ಆತುಕೊಂಡೇ, “ಲೀಕ್ ಅಂದ್ರ ನಳ ಸೋರೂದಲ್ರಿ?” ಎಂದರಂತೆ. ಬಹಳ ದಿನಗಳ ಮೇಲೆ ಅವರಾಡಿದ ಚೇಷ್ಟೆಯ ಮಾತು ಅದು. ಪೀಟಿ ಸರ್ ಅದಕ್ಕೆ ಬೇರೆ ಹೆಸರಿಟ್ಟರು. ಕಬ್ಬು ಕಡಿದ ಮೇಲೆ ಅದೇ ಬೇರಿನಿಂದ ಮತ್ತೆ ಏಳುವ ಬೆಳೆಗೆ ನಮ್ಮಲ್ಲಿ ಕೂಳೆ ಎನ್ನುತ್ತಾರೆ. ಇದು ಕೂಳೆ ಉಳ್ಳಾಗಡ್ಡಿ.

ಅವರ ಮನೆಯ ಹಿತ್ತಲು ಅಲ್ಲಿಯ ತನಕ ಬಟ್ಟೆ ಒಣಗಿಸುವ ಜಾಗವಾಗಿತ್ತು. ಪೀಟಿ ಸರ್ ಅಲ್ಲಿ ದಾರ ಹಿಡಿದು ಸುಣ್ಣದ ಗೆರೆ ಹಾಕಿದರು. ಗೆರೆಯ ಮೇಲೆ ಗಡ್ಡೆ ಊರಿದರು. ನಮ್ಮದು ಎರೆ ಮಣ್ಣು. ಹಿಂಗಾರಿ ಮಳೆ ಒಂದು ವಾರ ಹಿಡಿದು ನೀರು ನಿಂತಿತು. ಅರ್ಧಕ್ಕರ್ಧ ಗಡ್ಡೆ ಕೊಳೆತು ಹೋಯಿತು. ಅವರು ಕೊಳೆತದ್ದನ್ನು ಕೈಯಲ್ಲಿ ಹಿಡಿದು ಹಿತ್ತಲಲ್ಲಿ ಕೂತಿದ್ದಾಗ ನಾನು ಹೋದೆ. ಮ್ಯಾಚು ಸೋತ ದಿನ ಕೂಡ ಅವರ ಮುಖ ಹಾಗಾಗಿದ್ದನ್ನು ನಾನು ಕಂಡಿರಲಿಲ್ಲ. ಆದರೆ ಮರುದಿನ ಉಗಾರದಿಂದ ಅವರ ಅಣ್ಣನ ಟ್ರ್ಯಾಕ್ಟರು ಬಂತು. ಹೊಳೆಯ ಉಸುಕು, ತಿಪ್ಪೆಗೊಬ್ಬರ, ಕಬ್ಬಿನ ಒಣಗಿದ ಎಲೆಯ ರವದಿ. ಮೊಣಕಾಲೆತ್ತರ ಮಡಿ ಎಬ್ಬಿಸಿ, ಉಳಿದ ಗಡ್ಡೆಗಳನ್ನು ಒಂದೊಂದಾಗಿ ಎತ್ತಿ ಅದರಲ್ಲಿ ಊರಿದರು. ಬೆಳ್ಳುಳ್ಳಿಯ ಎಲೆಯ ಹಾಗೆ ಚಪ್ಪಟೆಯಾದ, ಸ್ವಲ್ಪ ನೀಲಿ ಬೆರೆತ ಎಲೆ ಎದ್ದಿತು. ಕಬ್ಬಿಗೆ ಬೋದು ಏರಿಸುವ ಹಾಗೆ ಬುಡಕ್ಕೆ ಮಣ್ಣು ಏರಿಸುತ್ತ ಹೋದರು. ಮಣ್ಣಿನೊಳಗೆ ಬಿಸಿಲು ಕಾಣದೆ ದಂಟು ಬೆಳ್ಳಗಾಗುತ್ತದೆ, ಮೆತ್ತಗಾಗುತ್ತದೆ. ಬೇಕಾಗುವುದು ಆ ಬಿಳಿ ಭಾಗವೇ.

ಎಳ್ಳಮಾವಾಸ್ಯೆ ಕಳೆದ ಮೇಲೆ ಒಂದು ಬೆಳಿಗ್ಗೆ ಮೊದಲ ದಂಟು ಕಿತ್ತರು. ತಾಯಿಗಿಡ ಬಿಟ್ಟು ಅದರ ಮಗ್ಗುಲಿನ ಮರಿಗಳನ್ನಷ್ಟೇ ಕೀಳಬೇಕು. ಆವತ್ತಿನ ಕಥೆಯನ್ನು ಅವರೇ ನನಗೆ ಹೇಳಿದ್ದು. ಚಹಾ ಕಾಸಲೂ ಬಾರದ ಮನುಷ್ಯ ಒಲೆ ಹಚ್ಚಿದರು. ವೈನಿ ಹಿತ್ತಲ ಬಾಗಿಲ ಹೊರಗೆ, ಓಡಲು ಸಿದ್ಧರಾಗಿ ನಿಂತು ಹೇಳುತ್ತಿದ್ದರು: ದಂಟು ಸೀಳಿ ತೊಳೀರಿ, ಒಳಗ ಮಣ್ಣು ಇರ್ತೈತಿ, ಎಣ್ಣಿ ಕಾಯ್ಲಿ, ಉರಿ ಸಣ್ಣ ಮಾಡ್ರಿ, ಈಗ ಕಡ್ಲಿಹಿಟ್ಟ ಉದರಿಸ್ರಿ, ಗಂಟ ಆಗತೈತಿ, ಕೈ ಆಡಿಸ್ರಿ. ಝುಣಕ ಗಂಟುಗಂಟಾಗಿಯೇ ಆಯಿತು. ವೈನಿ ಓಡಲಿಲ್ಲ. ಮೂಗಿಗೆ ಹಿಡಿದ ಸೆರಗು ತೆಗೆದರು. ಒಂದು ಹೆಜ್ಜೆ ಒಳಗೆ ಬಂದರು.

“ಏನಾರ ನಾರ್ತೈತೇನ?” ಎಂದು ಇವರು ಕೇಳಿದರು.

“ಇಲ್ಲ. ನಾರವಲ್ದು.”

ಆಮೇಲೆ ಒಂದು ಭಕ್ಕರಿ ತಿಂದರಂತೆ. ಅರ್ಧ ತಿಂದು, ನಿಲ್ಲಿಸಿ, ಇವರ ಮುಖ ನೋಡಿ, ಉಳಿದರ್ಧವನ್ನೂ ತಿಂದರಂತೆ. ಇಷ್ಟನ್ನು ಹೇಳಿ ಪೀಟಿ ಸರ್ ಸ್ಟಾಫ್‌ರೂಮಿನ ಬೆಂಚಿನಲ್ಲಿ ಬಗ್ಗಿ, ಎರಡೂ ಬೂಟಿನ ಲಾಡಿ ಬಿಚ್ಚಿ, ಬಹಳ ಹೊತ್ತು ಕಟ್ಟುತ್ತ ಕೂತರು. ಅವರು ತಲೆ ಎತ್ತುವ ತನಕ ನಾನು ಮಕ್ಕಳ ನಿಬಂಧ ತಿದ್ದುವವನ ಹಾಗೆ ಕೂತಿದ್ದೆ.

ಅಂದಿನಿಂದ ಅಡುಗೆ ಅವರದಾಯಿತು. ವೈನಿಗೆ ಒಲೆ ಮುಂದೆ ನಿಲ್ಲುವ ಧೈರ್ಯ ಇನ್ನೂ ಬಂದಿರಲಿಲ್ಲ. ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ಹೇಳುವರು, ಇವರು ಮಾಡುವರು. ಬ್ಯಾಳಿ, ಪಲ್ಯ, ಕೊನೆಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದೆ ಈ ದಂಟನ್ನೇ ಹುರಿದು ಹಾಕಿದ ಮಸಾಲೆ ಖಾರ. ಬೇಸಿಗೆಗೆಂದು ಬಿಳಿ ದಂಟನ್ನು ಉಂಗುರ ಉಂಗುರವಾಗಿ ಹೆಚ್ಚಿ ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬಿದರು. ಯುಗಾದಿ ಮುಗಿಯುತ್ತಲೇ ಎಲೆಗಳೆಲ್ಲ ಹಳದಿಯಾಗಿ ನೆಲಕ್ಕೆ ಬಿದ್ದವು. ವೈನಿ ಹೆದರಿದರು. ಇವರು ನೀಲಗಿರಿಗೆ ಫೋನು ಹಚ್ಚಿದರು. “ಸತ್ತಿಲ್ರಿ ಸರ್, ಮಲಗ್ಯಾವ” ಎಂದು ಅವನು ಹೇಳಿದ. ಇವರು ರವದಿ ಹೊದಿಸಿ, ನೀರು ಬಿಟ್ಟು, ಬಾಜೂ ಮನೆಯ ಕೋಳಿಗಳನ್ನು ಸೀಟಿ ಊದಿ ಓಡಿಸುತ್ತ ಬೇಸಿಗೆ ಕಳೆದರು. ಮೊದಲ ಮಳೆಗೆ ಒಂದಿದ್ದಲ್ಲಿ ಗುಂಪುಗುಂಪಾಗಿ ಎದ್ದವು.

ಒಂದು ವಿಷಯದಲ್ಲಿ ಅವರು ಜಿಪುಣರೆಂದು ಹೇಳಲೇಬೇಕು. ಆ ಹಿತ್ತಲಿನಿಂದ ಒಂದು ಎಲೆಯನ್ನೂ ಹೊರಗೆ ಕೊಟ್ಟವರಲ್ಲ. ನಾನೊಮ್ಮೆ ಬಾಯಿಬಿಟ್ಟು ಕೇಳಿದೆ, ನಮ್ಮ ಮನೆಯಲ್ಲಿಯೂ ರುಚಿ ನೋಡಬೇಕು ಅಂತಾರೆ ಎಂದೆ. “ಪಂಡಿತ್ರ, ನಿಮ್ಮ ಮನ್ಯಾಗ ಉಳ್ಳಾಗಡ್ಡಿ ಐತಿ. ಅದನ್ನ ತಿನ್ರಿ” ಎಂದುಬಿಟ್ಟರು. ನನಗೆ ಸಿಟ್ಟು ಬಂತು, ಎರಡು ದಿನ ಮಾತಾಡಲಿಲ್ಲ. ಆಮೇಲೆ ಅವರ ಅಣ್ಣನ ಮಗನ ಲಗ್ನಕ್ಕೆ ಉಗಾರಕ್ಕೆ ಹೋದಾಗ ಸಿಟ್ಟು ತಾನಾಗಿ ಇಳಿಯಿತು. ಊಟದ ಪೆಂಡಾಲಿನಲ್ಲಿ ಉಳ್ಳಾಗಡ್ಡಿ ಮಸಾಲೆಯ ಬದನೆಕಾಯಿ ಹಂಡೆಗಟ್ಟಲೆ ಕುದಿಯುತ್ತಿತ್ತು. ವೈನಿ ದೂರದ ಬೇವಿನ ಗಿಡದ ಕೆಳಗೆ ಒಬ್ಬರೇ ಕೂತಿದ್ದರು. ಪೀಟಿ ಸರ್ ಬೀಗರ ಸಾಲಿನಿಂದ ಎದ್ದು, ಕೈಚೀಲದಿಂದ ಡಬ್ಬಿ ತೆಗೆದುಕೊಂಡು, ಎಲ್ಲರೂ ನೋಡುತ್ತಿರುವಂತೆ ಪೆಂಡಾಲು ದಾಟಿ ಹೋಗಿ ಹೆಂಡತಿಯ ಪಕ್ಕದಲ್ಲಿ ನೆಲಕ್ಕೆ ಕೂತರು. ಇಬ್ಬರೂ ಒಂದೇ ಡಬ್ಬಿಯಿಂದ ಉಂಡರು. ಅವರ ಅಣ್ಣ ನಗಾಡಿದ: “ಏನಲೇ, ಮುದುಕಾದ ಮ್ಯಾಲ ಹೊಸಾ ಮದುಮಗ ಆಗೀಯಲ್ಲ.” ಇವರು ತಲೆ ಎತ್ತದೆ, “ಹೌದು” ಎಂದರು. ಅಷ್ಟೇ.

ಮತ್ತೊಂದು ನೆನಪಿದೆ. ಬೇಸಿಗೆಯಲ್ಲಿ ಇಡೀ ಓಣಿ ಮಸಾಲೆ ಖಾರಕ್ಕೆ ಉಳ್ಳಾಗಡ್ಡಿ ಹುರಿಯುವ ದಿನಗಳಿರುತ್ತವೆ. ಆ ಹೊಗೆಯಲ್ಲಿ ವೈನಿ ಮನೆಯೊಳಗೆ ಇರುವ ಹಾಗಿರಲಿಲ್ಲ. ಕೊಗನೊಳ್ಳಿಗೆ ಕಳಿಸಿದರೆ ಅಲ್ಲಿಯೂ ಅದೇ ಹೊಗೆ. ಪೀಟಿ ಸರ್ ಅವರನ್ನು ಶಾಲೆಯ ಮೈದಾನಕ್ಕೆ ಕರೆತಂದರು. ರಜೆ, ಯಾರೂ ಇರಲಿಲ್ಲ. ನಾನು ಯಾವುದೋ ಪರೀಕ್ಷೆಯ ಕೆಲಸಕ್ಕೆ ಬಂದಿದ್ದೆ. ಮೇಲಿನ ಕಿಟಕಿಯಿಂದ ನೋಡಿದರೆ, ಪೀಟಿ ಸರ್ ಖೋಖೋ ಅಂಕಣದ ನಡುವೆ ನಿಂತು ಕೈ ಬೀಸಿ ಬೀಸಿ ಏನೋ ವಿವರಿಸುತ್ತಿದ್ದಾರೆ, ವೈನಿ ಕಂಬದ ಹತ್ತಿರ ನಿಂತು ಕೇಳುತ್ತಿದ್ದಾರೆ. ಸ್ವಲ್ಪ ಹೊತ್ತಿಗೆ ವೈನಿ ಸೀರೆ ಎತ್ತಿ ಸಿಕ್ಕಿಸಿ ಗೆರೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತರು. ಇವರು ಹಿಂದಿನಿಂದ ಬಂದು ಬೆನ್ನು ಮುಟ್ಟಿ “ಖೋ” ಎಂದರು. ವೈನಿ ಏಳಲಾರದೆ ನಗುತ್ತ ನೆಲಕ್ಕೆ ಕೈ ಊರಿದರು. ಲಗ್ನವಾದಾಗಿನಿಂದ ಅವರು ಆ ಮೈದಾನ ನೋಡಿರಲಿಲ್ಲವಂತೆ. ಸಂಜೆ ಹೊಗೆ ಇಳಿಯುವ ತನಕ ಇಬ್ಬರೂ ಅಲ್ಲೇ ಇದ್ದರು. ಮನೆಗೆ ಹೋಗುವಾಗ ಜೊತೆಜೊತೆಗೆ ನಡೆದು ಹೋದರು.

ಅವರು ನಿವೃತ್ತರಾದ ಮೇಲೆ ನಾವು ಶಾಲು ಹೊದಿಸಿ ಕಳಿಸಿದೆವು. ನಿವೃತ್ತಿಯಾದ ಪೀಟಿ ಮಾಸ್ತರರು ಸಾಮಾನ್ಯವಾಗಿ ಬೇಗ ಮುದುಕರಾಗುತ್ತಾರೆ, ಮೈದಾನ ಬಿಟ್ಟರೆ ಅವರಿಗೆ ಬೇರೆ ಊರು ಗೊತ್ತಿರುವುದಿಲ್ಲ. ಇವರಿಗೆ ಹಾಗಾಗಲಿಲ್ಲ. ಎದೆನೋವು ಒಮ್ಮೆ ಬಂದು ಹೋಗಿತ್ತು, ಡಾಕ್ಟರು ಭಾರ ಎತ್ತಬೇಡಿ ಎಂದಿದ್ದರು. ಸಲಿಕೆ ಬಿಟ್ಟು ಖುರ್ಚಿಗೆ ಬರಬೇಕೆಂದು ನಾನು ಹೇಳಿದರೆ, “ಆಕಿ ಏನ್ ಉಣ್ಣಬೇಕ್ರಿ?” ಎನ್ನುವರು. ಶ್ರಾವಣದ ಒಂದು ಬೆಳಿಗ್ಗೆ ಎದ್ದು, ಹಲ್ಲುಜ್ಜಿ, ಹಿತ್ತಲ ಬಾಗಿಲು ತೆರೆದು ಮೆಟ್ಟಿಲ ಮೇಲೆ ಕೂತವರು ಅಲ್ಲೇ ಒರಗಿದರು.

ದಸರೆಯ ಹೊತ್ತಿಗೆ ನಾನು ವೈನಿಯನ್ನು ಕಾಣಲು ಹೋದೆ. ಓಣಿಯ ತಿರುವಿನಲ್ಲೇ ಉಳ್ಳಾಗಡ್ಡಿ ಹುರಿಯುವ ವಾಸನೆ ಬಂತು. ಯಾವ ಮನೆಯದೋ, ವೈನಿಗೆ ಎಷ್ಟು ತ್ರಾಸಾಗುತ್ತಿದೆಯೋ ಎಂದುಕೊಂಡು ಬೇಗ ಬೇಗ ನಡೆದೆ. ವಾಸನೆ ಬರುತ್ತಿದ್ದುದು ಅವರ ಮನೆಯಿಂದಲೇ. ವೈನಿ ಒಲೆ ಮುಂದೆ ನಿಂತಿದ್ದರು. ಮಗಳು ಮಿರಜಿನಿಂದ ಬರುವವಳಿದ್ದಳು, ಅವಳಿಗೆಂದು ಅಡುಗೆ ನಡೆದಿತ್ತು. ನಾನು ಬಾಗಿಲಲ್ಲೇ ನಿಂತೆ.

“ವೈನಿ, ಮೂಗು ಸುದ್ದ ಆತೇನ್ರಿ?”

“ಆತ್ರಿ.”

“ಯಾವಾಗ?”

ವೈನಿ ಸೌಟು ಆಡಿಸುವುದನ್ನು ನಿಲ್ಲಿಸಲಿಲ್ಲ. “ಹ್ವಾದ ವರ್ಷದ ದೀಪಾವಳಿಗೇ ಬಂತ್ರಿ ಸರ್. ಬಾಜೂ ಮನ್ಯಾಗ ಚಕ್ಕುಲಿ ಕರದಾದ ಮ್ಯಾಲ ಪಲ್ಯಾಕ್ಕ ಉಳ್ಳಾಗಡ್ಡಿ ಒಗ್ಗರಣಿ ಹಾಕಿದ್ರು. ಮದಲಿನ ವಾಸನಿ, ಚೊಲೊ ವಾಸನಿ. ನನಗ ಖರೇನ ಅಳುನ ಬಂತು. ಇವರಿಗೆ ಹೇಳೂನು ಅಂತ ಹಿತ್ತಲಕ್ಕ ಓಡಿ ಹ್ವಾದೆ. ಇವರು ಬುಡಕ್ಕ ಮಣ್ಣ ಏರಸಾಕತ್ತಿದ್ರು. ನನ್ನ ನೋಡಿ, ‘ಇವತ್ತ ಝುಣಕ ಮಾಡ್ಲೋ, ಪಲ್ಯ ಮಾಡ್ಲೋ? ಖಾರ ಎಷ್ಟ ಹಾಕ್ಲಿ?’ ಅಂದ್ರು.”

ಅವರು ಒಲೆಯ ಉರಿ ಸಣ್ಣ ಮಾಡಿದರು.

“ಲಗ್ನ ಆದಾಗಿಂದ ಅಡಗಿ ಮನಿಯೊಳಗ ಅವರು ನನ್ನ ಜೋಡಿ ಕುಂತು ಮಾತಾಡಿದ್ದಿಲ್ರಿ ಸರ್. ಅದು ಈ ಬ್ಯಾನ್ಯಾಗ ಸುರು ಆಗಿತ್ತು. ದಂಟ ಹೆಚ್ಚಕೋತ ತಮ್ಮ ಅವ್ವನ ಮಾತು, ಹೊಳ್ಯಾಗ ಈಸಿದ್ದು, ಗ್ರೌಂಡಿನ ಹುಡುಗೂರದು, ಎಲ್ಲಾ ಹೇಳ್ತಿದ್ರು. ಮೂಗು ಸುದ್ದ ಆತು ಅಂದ್ರ ಎದ್ದು ಹೋಗಿ ಹೊರಗ ಕುಂದರ್ತಾರು ಅನಿಸ್ತು. ಇವತ್ತ ಬ್ಯಾಡ, ನಾಳಿ ಹೇಳೂನು. ನಾಳಿ ಬ್ಯಾಡ, ಸಂಕ್ರಾಂತಿಗಿ ಹೇಳೂನು. ಹಂಗ ಆತ್ರಿ.”

“ಅವರಿಗೆ ಗೊತ್ತಾಗಲಿಲ್ಲೇನ್ರಿ?”

“ಏನ್ ಹೇಳ್ಲಿ. ಒಂದಿನಾ ಹಿಂಗ ಮಧ್ಯಾಹ್ನ, ಇಬ್ರೂ ಇಲ್ಲೇ ಕುಂತಿದ್ವಿ. ಬಾಜೂ ಮನ್ಯಾಗ ಒಗ್ಗರಣಿ ಬಿತ್ತು. ನಾನು ಮಾತಿನ ಭರದಾಗ ಮೂಗಿಗೆ ಸೆರಗ ಹಿಡಿಯೂದ ಮರತೆ. ಅವರು ಮಾತ ನಿಲ್ಲಿಸಿ ನನ್ನ ನೋಡಿದ್ರು. ನಾನೂ ಅವರನ್ನ ನೋಡಿದೆ. ಅವರು ಎದ್ದು ಹೋಗಿ ಆ ಕಿಡಕಿ ಹಾಕಿದ್ರು. ವಾಪಸ್ ಬಂದು, ಚಾಕು ತಗೊಂಡು, ಮತ್ತ ದಂಟ ಹೆಚ್ಚಾಕ ಕುಂತ್ರು.”